ನಲ್ಲೂರು ಹುಣಸೆ ತೋಪಿಗೆ ಹೋಗುವವರಿಗೆ

ಭಾನುವಾರ ನಂದಿ ಬೆಟ್ಟದ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ಬದಲು ಒಮ್ಮೆ ದೇವನಹಳ್ಳಿಯಿಂದ ಸೂಲಿಬೆಲೆ ಕಡೆಗೆ ತಿರುಗಿ. ದಾರಿಯಲ್ಲಿ ನಲ್ಲೂರು ಸಿಗುತ್ತದೆ. ಅಲ್ಲಿನ ಹುಣಸೆ ತೋಪು ಸುಮಾರು 54 ಎಕರೆ ಇದೆ. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿದರು. ಇಡೀ ದೇಶದಲ್ಲಿ ಇದೇ ಮೊದಲನೆಯದು!

ಪಾರ್ಕ್ ಇರುತ್ತೆ, ಕ್ಯಾಂಟೀನ್ ಇರುತ್ತೆ ಅಂದುಕೊಂಡು ಹೋಗಬೇಡಿ. ನೀರು, ಬುತ್ತಿ ಮನೆಯಿಂದಲೇ ಒಯ್ಯಿರಿ. ನೆಲದಲ್ಲಿ ಮುಳ್ಳು ಜಾಸ್ತಿ, ಚಪ್ಪಲಿ ಬೇಡ, ಶೂ ಹಾಕಿ. ಮಳೆಗಾಲದಲ್ಲಿ ಪೊದೆ ಬೆಳೆದಿರುತ್ತದೆ, ಹೆಜ್ಜೆ ನೋಡಿಕೊಂಡು ಇಡಿ.

ಮರಗಳನ್ನು ನಿಧಾನವಾಗಿ ನೋಡಿ. ನೂರಾರು ವರ್ಷದ ಕಾಂಡಗಳು ಹಗ್ಗ ಹೊಸೆದಂತೆ ತಿರುಚಿಕೊಂಡಿವೆ. ಕೆಲವು ಒಳಗೆ ಪೂರ್ತಿ ಪೊಳ್ಳು, ಮೇಲೆ ಮಾತ್ರ ಹಸಿರು ಚಿಗುರು. ಮಕ್ಕಳು ಆ ಪೊಟರೆಗೆ ಕೈ ಹಾಕದಂತೆ ನೋಡಿಕೊಳ್ಳಿ, ಹಾವು ಇರಬಹುದು. ಕಾಂಡದ ಮೇಲೆ ಹೆಸರು ಕೆತ್ತುವವರಿಗೆ ಏನು ಹೇಳೋದು ಗೊತ್ತಿಲ್ಲ, ನಮ್ಮ ಅಜ್ಜಿ ಇದ್ದಿದ್ದರೆ ದೆವ್ವ ಹಿಡಿಯುತ್ತೆ ಅಂತಿದ್ದರು. ತೋಪಿನೊಳಗೆ ಹಳೇ ಗುಡಿಗಳ ಅವಶೇಷವೂ ಇವೆ. ಕಲ್ಲುಗಳ ಮೇಲೆ ಹತ್ತಬೇಡಿ.

ಹಣ್ಣು ಬೇಕಿದ್ದರೆ ಜನವರಿಯಿಂದ ಮಾರ್ಚ್‌ವರೆಗೆ ಹೋಗಿ. ಆದರೆ ಊರವರನ್ನು ಕೇಳದೆ ಕೀಳಬೇಡಿ. ಸಂಜೆ ಸ್ವಲ್ಪ ಹೊತ್ತು ಸುಮ್ನೆ ಕೂತರೆ ಎಲೆಗಳು ಮಡಚಿಕೊಳ್ಳುವುದು ಕಾಣುತ್ತದೆ. ಕತ್ತಲಾಗುವ ಮೊದಲು ಹೊರಡಿ, ಬುತ್ತಿಯ ಕವರ್ ವಾಪಸ್ ತನ್ನಿ.