ಆಶ್ರಯ ಅರ್ಜಿಯ ಫೈಲ್: ಮುಕ್ಕಾಲು ಕೆಲಸ ತಾರೀಖಿನದು

ರಾಜಕೀಯ ಕಾರಣಕ್ಕೆ ತಮ್ಮ ದೇಶಕ್ಕೆ ವಾಪಸ್ ಹೋಗಲಾರದ ವಿದೇಶಿ ವಿದ್ಯಾರ್ಥಿಗಳು ಹಾಸನದಂಥ ಊರಲ್ಲೂ ಸಿಗುತ್ತಾರೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ಇಥಿಯೋಪಿಯಾದಂಥ ದೇಶದವರ ಅರ್ಜಿ ನೋಡುವುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಾದ ಯುಎನ್‌ಎಚ್‌ಸಿಆರ್‌ನ ದೆಹಲಿ ಕಚೇರಿ. ಅಲ್ಲಿ ಶುಲ್ಕವಿಲ್ಲ; ದುಡ್ಡು ಕೇಳುವವನು ದಲ್ಲಾಳಿ. ಫೈಲ್ ಮಾತ್ರ ನಾನು ಇಲ್ಲೇ ಸಿದ್ಧ ಮಾಡಿಕೊಡುತ್ತೇನೆ.

ಹೇಳಿಕೆ ಬರೆಸುವುದು ಆಮೇಲೆ. ಮೊದಲು ಒಂದು ಉದ್ದ ಹಾಳೆಗೆ ನಾಲ್ಕು ಕಾಲಂ: ಅವರು ಹೇಳಿದ ತಾರೀಖು, ನಮ್ಮ ಕ್ಯಾಲೆಂಡರಿನ ತಾರೀಖು, ಏನಾಯಿತು, ದಾಖಲೆ ಏನಿದೆ. ಕಾಡುವುದು ಎರಡನೇ ಕಾಲಂ. ಇಥಿಯೋಪಿಯಾದ ವರ್ಷಕ್ಕೆ 13 ತಿಂಗಳು, ಕೊನೆಯದು 5 ಅಥವಾ 6 ದಿನದ್ದು. ಅವರ 2013 ಶುರುವಾದದ್ದು ನಮ್ಮ 2020ರ ಸೆಪ್ಟೆಂಬರ್ 11ಕ್ಕೆ. ಅಂದರೆ ಅವರ ಇಸವಿಗೆ ಡಿಸೆಂಬರ್‌ವರೆಗೆ 7 ಕೂಡಿಸಬೇಕು, ಜನವರಿಯಿಂದ 8. ಎಲ್ಲದಕ್ಕೂ 8 ಕೂಡಿಸಿದರೋ, ಅಕ್ಟೋಬರ್‌ನಲ್ಲಿ ಬಂಧನವಾಗಿ ಜನವರಿಯಲ್ಲಿ ಹೊರಬಂದವನು ಮೊದಲು ಬಿಡುಗಡೆಯಾಗಿ ಆಮೇಲೆ ಜೈಲಿಗೆ ಹೋದಂತಾಗುತ್ತದೆ! ಗಂಟೆಯೂ ಹಾಗೆಯೇ. ನಮ್ಮ ಹಳೆಯ ಘಳಿಗೆಯಂತೆ ಅವರ ಎಣಿಕೆ ಹೊತ್ತು ಹುಟ್ಟಿದಾಗಿನಿಂದ, ರಾತ್ರಿಯದು ಹೊತ್ತು ಮುಳುಗಿದಾಗಿನಿಂದ. ‘ರಾತ್ರಿ ಮೂರಕ್ಕೆ ಪೊಲೀಸರು ಬಂದರು’ ಎಂದರೆ ನಮ್ಮ ರಾತ್ರಿ ಒಂಬತ್ತು ಗಂಟೆ. ಎರಡೂ ಲೆಕ್ಕ ಪಕ್ಕಪಕ್ಕ ಬರೆದಿಡಿ. ತಾರೀಖು ನೆನಪಿಲ್ಲದಿದ್ದರೆ ‘ಮಳೆಗಾಲದ ಕೊನೆ’ ಎಂದರೆ ಸಾಕು, ಊಹಿಸಿ ತುಂಬಬೇಡಿ.

ಅವರಿಗೆ ಮನೆತನದ ಹೆಸರಿಲ್ಲ. ತಂದೆಯ, ಅಜ್ಜನ ಹೆಸರು ಸೇರುತ್ತದೆ. ಪಾಸ್‌ಪೋರ್ಟು, ಅಂಕಪಟ್ಟಿ, ಪಕ್ಷದ ಕಾರ್ಡು ಮೂರರಲ್ಲಿ ಮೂರು ಸ್ಪೆಲಿಂಗ್ ಇರಬಹುದು. ಎಲ್ಲವನ್ನೂ ಮೊದಲ ಪುಟದಲ್ಲೇ ಕೊಟ್ಟುಬಿಡುತ್ತೇನೆ.

ಹೇಳಿಕೆ ಆರೇಳು ಪುಟ ಮೀರಬಾರದು. ಹೆಚ್ಚಿನವರು ದೇಶದ ಇತಿಹಾಸದಿಂದ ಶುರು ಹಚ್ಚುತ್ತಾರೆ. ಅಧಿಕಾರಿಗೆ ಅದು ಗೊತ್ತಿರುತ್ತದೆ. ನೀವು ಏನು ಮಾಡಿದಿರಿ, ಸರ್ಕಾರಕ್ಕೆ ಹೇಗೆ ತಿಳಿಯಿತು, ನಿಮಗೆ ಏನು ಮಾಡಿದರು, ಈಗ ಹೋದರೆ ಏನಾದೀತು, ಇಷ್ಟು ಬರಲಿ. ಕಂಡದ್ದು ಬೇರೆ, ಕೇಳಿದ್ದು ಬೇರೆ. ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿಯೇ ಕಳಿಸಿದರೆ ತೆಗೆದ ದಿನ, ಜಾಗದ ವಿವರ ಅಳಿಸಿಹೋಗುತ್ತದೆ. ಮೂಲ ಫೈಲ್ ಫೋನಿನಲ್ಲೇ ಇರಲಿ. ನೋಟರಿ ಸೀಲು ಬಿದ್ದ ಮಾತ್ರಕ್ಕೆ ದುರ್ಬಲ ಹೇಳಿಕೆ ಗಟ್ಟಿಯಾಗುವುದಿಲ್ಲ.

ಇತ್ತ ವೀಸಾ ಓಡುತ್ತಲೇ ಇರುತ್ತದೆ. ವಿಸ್ತರಣೆಗೆ ವಿದೇಶಿಯರ ನೋಂದಣಿಯ ಇ-ಎಫ್‌ಆರ್‌ಆರ್‌ಒ ಪೋರ್ಟಲ್. ಜಿಲ್ಲೆಯಲ್ಲಿ ನೋಂದಣಿ ಅಧಿಕಾರಿ ಎಸ್‌ಪಿ. ಮನೆ ಮಾಲೀಕರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಕೊಡಬೇಕಾದ ವಿವರಕ್ಕೆ ಜನ ಈಗಲೂ ಸಿ ಫಾರ್ಮ್ ಎನ್ನುತ್ತಾರೆ, ಅದರ ಪ್ರತಿ ಇಟ್ಟುಕೊಳ್ಳಿ. ನಿಜವಾದ ಇಕ್ಕಟ್ಟು ಪಾಸ್‌ಪೋರ್ಟಿನದು: ಅವಧಿ ಮುಗಿದರೆ ವೀಸಾ ಸಿಗದು, ನವೀಕರಣಕ್ಕೆ ಸ್ವಂತ ದೇಶದ ರಾಯಭಾರ ಕಚೇರಿಗೆ ಹೋದರೆ ‘ಆ ಸರ್ಕಾರದ ಭಯವಿಲ್ಲವಲ್ಲ’ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೇ ಅವಧಿ ಇರುವಾಗಲೇ ಅರ್ಜಿ ಹಾಕಿಸುತ್ತೇನೆ.

ಸಂದರ್ಶನದ ಭಾಷೆಯನ್ನು ಮುಂಚೆಯೇ ಬರೆದು ಕೊಡಿ. ಇಥಿಯೋಪಿಯಾದ ಒರೊಮೊ ಭಾಷಿಕನಿಗೆ ಅಲ್ಲಿನದೇ ಇನ್ನೊಂದು ಭಾಷೆ ಅಮ್ಹಾರಿಕ್‌ನ ದುಭಾಷಿ ಸಿಕ್ಕರೆ ಅರ್ಧ ಮಾತು ಬಾಯಲ್ಲೇ ಉಳಿಯುತ್ತದೆ. ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ. ಸಂದರ್ಶನದ ಹಿಂದಿನ ದಿನವೇ ಅಲ್ಲಿರಬೇಕು. ನಿರಾಕರಿಸಿದರೆ 30 ದಿನದೊಳಗೆ ಮೇಲ್ಮನವಿ.

ನಿರಾಶ್ರಿತರೆಂಬ ಮಾನ್ಯತೆ ಸಿಕ್ಕಿತೆಂದು ಕೆನಡಾ, ಅಮೆರಿಕ ಆರಿಸಿಕೊಳ್ಳುವಂತಿಲ್ಲ. ಜಗತ್ತಿನ ನಿರಾಶ್ರಿತರಲ್ಲಿ ಮೂರನೇ ದೇಶ ಕಾಣುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಯಾವುದೋ ದೇಶ ಒಪ್ಪಿದರೂ ಭಾರತ ಬಿಡಲು ಎಕ್ಸಿಟ್ ಪರ್ಮಿಟ್ ಬೇಕು. ಅದಕ್ಕೆ ಮತ್ತದೇ ಪೋರ್ಟಲ್, ವೀಸಾ ಮೀರಿ ಉಳಿದಿದ್ದರೆ ದಂಡದ ಲೆಕ್ಕವೂ ಅಲ್ಲೇ.