ಬೆಳಕಿನಿಂದ ಗ್ಯಾಲಕ್ಸಿಯ ಆಮ್ಲಜನಕ ಅಳೆಯುವುದು ಹೇಗೆ?

ಸಂಡೂರಿನ ಅದಿರಿನ ಗುಣಮಟ್ಟ ತಿಳಿಯಲು ಸ್ಯಾಂಪಲ್ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಕೋಟ್ಯಂತರ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯಿಂದ ನಮ್ಮ ಕೈಗೆ ಸಿಗುವ ಸ್ಯಾಂಪಲ್ ಬೆಳಕು ಮಾತ್ರ. ಅದನ್ನೇ ಬಳಸಿ, ನಕ್ಷತ್ರಗಳು ಹುಟ್ಟುತ್ತಿರುವ ಗ್ಯಾಲಕ್ಸಿಯ ರಾಸಾಯನಿಕ ಸಂಯೋಜನೆಯನ್ನು ಬಳ್ಳಾರಿಯ ಪದವಿ ವಿದ್ಯಾರ್ಥಿಯೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬಹುದು.

ಮೊದಲು ಆಕಾಶ ಸಮೀಕ್ಷೆಯಾದ ಸ್ಲೋನ್ ಡಿಜಿಟಲ್ ಸ್ಕೈ ಸರ್ವೆಯ ಜಾಲತಾಣದಿಂದ ಗ್ಯಾಲಕ್ಸಿಗಳ ರೋಹಿತರೇಖೆಗಳ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಒಂದೊಂದು ಮೂಲವಸ್ತುವಿನಿಂದ ಕಾಣುವ ಗೆರೆಗಳ) ಅಳತೆಯನ್ನೂ ನಕ್ಷತ್ರಗಳ ಒಟ್ಟು ದ್ರವ್ಯರಾಶಿಯ ಅಂದಾಜನ್ನೂ ಇಳಿಸಿಕೊಳ್ಳಿ, ಇದು ಉಚಿತ. ಕೇಂದ್ರದಲ್ಲಿ ಸಕ್ರಿಯ ಕಪ್ಪುಕುಳಿಯಿರುವ ಗ್ಯಾಲಕ್ಸಿಗಳನ್ನು, 1981ರಲ್ಲಿ ಬಾಲ್ಡ್‌ವಿನ್, ಫಿಲಿಪ್ಸ್ ಮತ್ತು ಟರ್ಲೆವಿಚ್ ರೂಪಿಸಿದ ರೇಖಾನುಪಾತದ ನಕ್ಷೆಯಿಂದ ಗುರುತಿಸಿ ಕೈಬಿಡಿ. ಅಂಥ ಕಪ್ಪುಕುಳಿಯ ಸುತ್ತಲಿನ ಬೆಳಕೂ ಈ ರೇಖೆಗಳನ್ನು ಬದಲಿಸುವುದರಿಂದ, ಈ ಹಂತವನ್ನು ಬಿಟ್ಟರೆ ಮುಂದಿನ ಲೆಕ್ಕವೆಲ್ಲ ದಾರಿ ತಪ್ಪುತ್ತದೆ.

ಬಳಿಕ 658.4 ನ್ಯಾನೋಮೀಟರಿನ ಸಾರಜನಕ ರೇಖೆಯ ತೀವ್ರತೆಯನ್ನು 656.3 ನ್ಯಾನೋಮೀಟರಿನ ಜಲಜನಕ ರೇಖೆಯ ತೀವ್ರತೆಯಿಂದ ಭಾಗಿಸಿ, ಬಂದ ಅನುಪಾತದ ಲಾಗ್ (10ರ ಆಧಾರದ ಲಾಗರಿದಮ್) ತೆಗೆಯಿರಿ. ಆಮ್ಲಜನಕ ಹೆಚ್ಚಿದಂತೆ ಈ ಅನುಪಾತವೂ ಸಾಮಾನ್ಯವಾಗಿ ಏರುವುದರಿಂದ, ಸಾರಜನಕದ ರೇಖೆಯಿಂದಲೇ ಆಮ್ಲಜನಕವನ್ನು ಅಂದಾಜಿಸಬಹುದು. ಎರಡು ರೇಖೆಗಳೂ ಅಕ್ಕಪಕ್ಕದಲ್ಲೇ ಇರುವುದರಿಂದ ದೂಳು ಎರಡನ್ನೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಮಸುಕುಗೊಳಿಸುತ್ತದೆ. ಹೊಸಬರಿಗೆ ಈ ವಿಧಾನವೇ ಅನುಕೂಲ. ಪೆಟ್ಟಿನಿ ಮತ್ತು ಪೇಜೆಲ್ 2004ರಲ್ಲಿ ಕೊಟ್ಟ ಸರಳ ಸೂತ್ರದಂತೆ, ಆ ಲಾಗ್ ಬೆಲೆಯನ್ನು 0.57ರಿಂದ ಗುಣಿಸಿ 8.90ಕ್ಕೆ ಕೂಡಿಸಿದರೆ ಆಮ್ಲಜನಕದ ಸೂಚ್ಯಂಕ, ಅಂದರೆ ಆಮ್ಲಜನಕ ಮತ್ತು ಜಲಜನಕ ಪರಮಾಣುಗಳ ಅನುಪಾತದ ಲಾಗ್‌ಗೆ 12 ಕೂಡಿಸಿದ ಬೆಲೆ, ದೊರೆಯುತ್ತದೆ. ಅನುಪಾತ 0.2 ಎಂದಿಟ್ಟುಕೊಳ್ಳಿ: ಲಾಗ್ ಸುಮಾರು −0.70, ಸೂಚ್ಯಂಕ 8.50. ಸೂರ್ಯನದು 8.69 ಆದ್ದರಿಂದ, ಆ ಅನಿಲದಲ್ಲಿ ಜಲಜನಕಕ್ಕೆ ಹೋಲಿಸಿದ ಆಮ್ಲಜನಕದ ಪಾಲು ಸೂರ್ಯನಲ್ಲಿರುವುದರ ಮೂರನೇ ಎರಡರಷ್ಟು.

ಈಗ ಸೂಚ್ಯಂಕವನ್ನು ನಕ್ಷತ್ರಗಳ ದ್ರವ್ಯರಾಶಿಯ ಎದುರು ಗ್ರಾಫ್‌ನಲ್ಲಿ ಗುರುತಿಸಿ. ರಾಶಿ ಹೆಚ್ಚಿದಂತೆ ಆಮ್ಲಜನಕವೂ ಏರಿ, ಭಾರೀ ಗ್ಯಾಲಕ್ಸಿಗಳ ಕಡೆ ರೇಖೆ ಸಮತಟ್ಟಾಗುತ್ತದೆ. 2004ರಲ್ಲಿ ಟ್ರೆಮೊಂಟಿ ಮತ್ತು ಸಂಗಡಿಗರು ಸುಮಾರು 53,000 ಗ್ಯಾಲಕ್ಸಿಗಳಲ್ಲಿ ಕಂಡದ್ದೂ ಇದನ್ನೇ. ಸಣ್ಣ ಗ್ಯಾಲಕ್ಸಿಗಳ ಗುರುತ್ವ ದುರ್ಬಲವಾದ್ದರಿಂದ, ಸೂಪರ್‌ನೋವಾ ಸ್ಫೋಟಗಳು ಹೊರದೂಡುವ ಆಮ್ಲಜನಕಭರಿತ ಅನಿಲವನ್ನು ಅವು ಹಿಡಿದಿಟ್ಟುಕೊಳ್ಳಲಾರವು ಎಂಬುದು ಇದಕ್ಕೆ ಕೊಡುವ ಮುಖ್ಯ ಕಾರಣ.

ಇಲ್ಲಿಗೇ ನಿಲ್ಲಿಸಬೇಡಿ, ನನ್ನ ದೃಷ್ಟಿಯಲ್ಲಿ ನಿಜವಾದ ಸ್ವಾರಸ್ಯವಿರುವುದು ಮುಂದಿನ ಹಂತದಲ್ಲಿ. ಒಂದೇ ದ್ರವ್ಯರಾಶಿಯ ಗ್ಯಾಲಕ್ಸಿಗಳನ್ನು ನಕ್ಷತ್ರ ಹುಟ್ಟುವ ದರದಂತೆ ವಿಂಗಡಿಸಿ ನೋಡಿ. 2010ರಲ್ಲಿ ಮನುಚಿ ಮತ್ತು ಸಂಗಡಿಗರು ತೋರಿಸಿದಂತೆ, ದರ ಹೆಚ್ಚಿರುವಲ್ಲಿ ಆಮ್ಲಜನಕ ಕಡಿಮೆ. ಹೊರಗಿನಿಂದ ಹರಿದುಬರುವ ಹೊಸ ಅನಿಲ ನಕ್ಷತ್ರಗಳ ಹುಟ್ಟಿಗೆ ಇಂಧನವಾಗುವ ಜೊತೆಗೆ, ಮೊದಲೇ ಇದ್ದ ಆಮ್ಲಜನಕವನ್ನು ತೆಳುವಾಗಿಸುತ್ತದೆ.

ಬೇರೆ ಬೇರೆ ಸೂತ್ರಗಳ ಫಲಿತಾಂಶವನ್ನು ಮಾತ್ರ ಒಂದೇ ಗ್ರಾಫ್‌ನಲ್ಲಿ ಬೆರೆಸಬೇಡಿ. ಒಂದೇ ಗ್ಯಾಲಕ್ಸಿಗೆ ಎರಡು ಸೂತ್ರಗಳು ಕೊಡುವ ಸೂಚ್ಯಂಕಗಳಲ್ಲಿ 0.7ರವರೆಗೂ, ಅಂದರೆ ಸುಮಾರು ಐದು ಪಟ್ಟು, ವ್ಯತ್ಯಾಸ ಬರುವುದುಂಟು.