ಹಳೇ ಸೊಂಟ ನೋವಿಗೆ ಎರಡು ವಾರದ ನೋಟ್‌ಬುಕ್: ನನ್ನ ಅನುಭವ

ಮೂರು ತಿಂಗಳು ದಾಟಿದ ಸೊಂಟ ನೋವಿನವರನ್ನು "ಮನೆಯಲ್ಲಿ ಟೆನ್ಷನ್ ಇದೆಯಾ?" ಎಂದು ಕೇಳುವುದು ಬಿಟ್ಟ ಮೇಲೇ ನೋವಿಗೂ ಮನಸ್ಸಿಗೂ ಇರುವ ನಂಟನ್ನು ರೋಗಿಯ ಕೈಯಲ್ಲೇ ಬರೆಸಿ ತೋರಿಸುವ ನನ್ನ ಫಿಸಿಯೊ ಕೆಲಸ ದಾರಿಗೆ ಬಂತು. ಆ ಪ್ರಶ್ನೆ ಅವರಿಗೆ "ನಿಮ್ಮದು ಬರೀ ನಾಟಕ" ಎಂದಂತೆ ಕೇಳಿಸುತ್ತದೆ. "ಏನೂ ಇಲ್ಲ ಸರ್" ಅಂದವರು ಮುಂದಿನ ಸಿಟ್ಟಿಂಗ್‌ಗೆ ಬರುವುದಿಲ್ಲ. ಜೊತೆಯ ಫಿಸಿಯೊಗಳು "ಇದು ಸೈಕಿಯಾಟ್ರಿಸ್ಟ್ ಕೆಲಸ, ನೀನು ಐಎಫ್‌ಟಿ (ನೋವಿಗೆ ಕರೆಂಟ್ ಕೊಡುವ ಮಷೀನ್) ಹಾಕು" ಅಂದಿದ್ದರು. ಈಗ ಅವರೇ ಕೇಸ್ ಕಳಿಸುತ್ತಾರೆ. ನೆನಪಿನ ಲೆಕ್ಕದಲ್ಲಿ 60 ಜನರಲ್ಲಿ 35-40 ಮಂದಿ ತಮ್ಮ ಮಾಮೂಲಿ ಕೆಲಸಕ್ಕೆ ಮರಳಿದ್ದಾರೆ.

ರೆಡ್ ಫ್ಲಾಗ್, ಅಂದರೆ ಅಪಾಯದ ಲಕ್ಷಣ, ನೋಡುವುದು ಫಿಸಿಯೊಗಳಾದ ನಿಮಗೆ ಗೊತ್ತೇ ಇದೆ. ಮೂತ್ರದ ಹಿಡಿತ ತಪ್ಪಿದ್ದರೆ, ತೊಡೆಸಂದಿ ಮರಗಟ್ಟಿದ್ದರೆ, ಕಾಲಿನ ಬಲ ಕುಗ್ಗುತ್ತಿದ್ದರೆ, ಜ್ವರ ಅಥವಾ ತೂಕ ಇಳಿಕೆ ಇದ್ದರೆ ನೋಟ್‌ಬುಕ್ ಮುಟ್ಟಬೇಡಿ, ಅದೇ ದಿನ ಡಾಕ್ಟರ ಹತ್ತಿರ ಕಳಿಸಿ.

ಉಳಿದವರಿಗೆ 20 ರೂಪಾಯಿಯ ಚಿಕ್ಕ ನೋಟ್‌ಬುಕ್. ಎದ್ದಾಗ, ಮಧ್ಯಾಹ್ನ 3ಕ್ಕೆ, ಮಲಗುವಾಗ ಒಂದೊಂದು ಸಾಲು: ನೋವು ಸೊನ್ನೆಯಿಂದ 10ರಲ್ಲಿ ಎಷ್ಟು, ಎಲ್ಲಿ, ಹಿಂದಿನ ಎರಡು ಗಂಟೆ ಏನು ನಡೆಯಿತು, ಮನಸ್ಸಿಗೆ ಹೇಗಿತ್ತು. ಹದಿನಾಲ್ಕು ದಿನ ವ್ಯಾಯಾಮ ಬದಲಿಸುವುದಿಲ್ಲ. ಮೊದಲು "ಆತಂಕ, ಖಿನ್ನತೆ, ಹತಾಶೆ" ಎಂದು ಪಟ್ಟಿ ಮುದ್ರಿಸಿ 1,500 ರೂಪಾಯಿ ಕಳೆದೆ, ಯಾರೂ ಟಿಕ್ ಹಾಕಲಿಲ್ಲ. ಜಾಗ ಖಾಲಿ ಬಿಟ್ಟಾಗ ಸಂಕಟ, ಹೊಟ್ಟೆಯುರಿ, ಕಿರಿಕಿರಿ, ಎದೆ ಭಾರ ತಾವಾಗಿಯೇ ಬಂದವು. ಸಂಕಟ ಅನ್ನುವ ಮಾತು ಹೊಟ್ಟೆಗೂ ಮನಸ್ಸಿಗೂ ಒಂದೇ ಆಗಿರುವುದು ನಮಗೆ ದೊಡ್ಡ ಅನುಕೂಲ.

ಒಂದು ಪುಟ ಹೀಗಿರುತ್ತದೆ:
"ಮಂಗಳವಾರ 3 ಗಂಟೆ. ನೋವು 7. ಕೂತೇ ಇದ್ದೆ. ಚೀಟಿ ದುಡ್ಡಿಗೆ ಫೋನ್ ಬಂತು. ಸಂಕಟ."
"ಭಾನುವಾರ ರಾತ್ರಿ. ನೋವು 2. ತಂಗಿ ಸೀಮಂತ. ಇಡೀ ದಿನ ನಿಂತಿದ್ದೆ. ಖುಷಿ."

ಭಾರ ಇಲ್ಲದೆ ಏರಿದ ನೋವು, ಭಾರ ಇದ್ದೂ ಇಳಿದ ನೋವು: ಇಂಥ ಜೋಡಿ ಮೂರು ಸಿಕ್ಕರೆ ಸಾಕು, ನೋವು ಬರೀ ಭಾರದಿಂದಲ್ಲ, ಮನಸ್ಸಿನ ಜೊತೆಗೂ ಏರಿಳಿಯುತ್ತದೆ ಎಂದು ಕಾಣುತ್ತದೆ. ಅಡಿಗೆರೆ ಎಳೆಯುವುದು ರೋಗಿಯೇ, ನಾವಲ್ಲ. ನಾನು ತೋರಿಸಿಕೊಟ್ಟ ಕೇಸ್‌ಗಳಲ್ಲೆಲ್ಲ ವಾದ ಶುರುವಾಯಿತು.

ಆಮೇಲೆ ಎಂಆರ್‌ಐ ರಿಪೋರ್ಟ್ ತೆಗೆಯುತ್ತೇನೆ. ನೋವೇ ಇಲ್ಲದ 20ರ ಹರೆಯದವರಲ್ಲೂ ನೂರಕ್ಕೆ 30 ಮಂದಿಗೆ, 80ರವರಲ್ಲಿ 84 ಮಂದಿಗೆ ಡಿಸ್ಕ್ ಬಲ್ಜ್ (ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿರುವುದು) ಕಾಣುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಮಾಡಿದ 2015ರ ದೊಡ್ಡ ವಿಮರ್ಶೆ ಹೇಳಿದೆ. ಇದನ್ನು ಮೊದಲ ದಿನ ಹೇಳಿದರೆ ಯಾರೂ ನಂಬುವುದಿಲ್ಲ, ನೋಟ್‌ಬುಕ್ ಓದಿದ ಮೇಲೆ ನಂಬುತ್ತಾರೆ.

ಮೂರನೇ ವಾರದಿಂದ ಬಗ್ಗುವ ವ್ಯಾಯಾಮ. ಕೆಟ್ಟ ದಿನ 10 ಸಲ ಬಗ್ಗಲು ಆದರೆ 8ರಿಂದ ಶುರು, ವಾರಕ್ಕೆ ಒಂದು ಹೆಚ್ಚು. ನೋವು ಕಮ್ಮಿ ಇದೆಯೆಂದು ಜಾಸ್ತಿ ಮಾಡಬಾರದು, ಇದೆಯೆಂದು ನಿಲ್ಲಿಸಲೂ ಬಾರದು. ಬಗ್ಗುವಾಗ ಉಸಿರು 4 ಎಣಿಕೆ ಒಳಗೆ, 6 ಎಣಿಕೆ ಹೊರಗೆ. ಹಲ್ಲು ಕಚ್ಚಿದ್ದರೆ ಸೊಂಟ ಬಿಡುವುದಿಲ್ಲ, ದವಡೆ ನೋಡಿ. ಮೂರನೇ ಸಿಟ್ಟಿಂಗ್‌ನಲ್ಲಿ ನಾನು ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎದುರು ಕೂತವರನ್ನು ನೋಡದೆ ಕೇಳಿದರೆ ಕೆಡುತ್ತದೆ.

ಕೆಟ್ಟದ್ದೂ ಇದೆ. ಹದಿನಾಲ್ಕು ದಿನ ಮೀರಿ ಬರೆಸಿದವರು ನೋವನ್ನೇ ಕಾಯತೊಡಗಿದರು. ಮನೆಯವರು ಓದಿ ಎರಡು ಕಡೆ ಜಗಳವಾಯಿತು, ಈಗ ಹೆಸರಿನ ಬದಲು ಚುಕ್ಕೆ, ಗೆರೆ ಹಾಕಿಸುತ್ತೇನೆ. ಸಿಟ್ಟನ್ನೆಲ್ಲ 20 ನಿಮಿಷ ಬರೆದು ಹಾಳೆ ಹರಿದುಹಾಕುವ ಪ್ರಯೋಗ ರಾತ್ರಿ ಮಾಡಿಸಿ ಕೆಲವರ ನಿದ್ದೆ ಕೆಡಿಸಿದೆ, ಸಂಜೆ 5ಕ್ಕೆ ಮಾಡಿದಾಗ ಸರಿಹೋಯಿತು. ಸ್ವಲ್ಪ ಹಗುರಾದ ಕೂಡಲೇ ಪ್ರಿಗ್ಯಾಬಲಿನ್ (ನರದ ನೋವಿನ ಮಾತ್ರೆ) ತಾವೇ ನಿಲ್ಲಿಸಲು ಹೊರಡುತ್ತಾರೆ. ಡಾಕ್ಟರನ್ನು ಕೇಳದೆ ಬೇಡ, ನಿಧಾನವಾಗಿಯೇ ಇಳಿಸಬೇಕು. ಹೊಡೆತ, ಸಾಯುವ ಮಾತು ಬಂದರೆ ನಮ್ಮ ಕೆಲಸ ಅಲ್ಲಿಗೆ ಮುಗಿಯಿತು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಎದುರಿಗೇ ಫೋನ್ ಮಾಡಿಸಿ, ಮನೋವೈದ್ಯರ ಹತ್ತಿರ ಕಳಿಸಿ.

ದುಡ್ಡು: ಐಎಫ್‌ಟಿ ಮಷೀನ್ 300 ರೂಪಾಯಿಯಂತೆ 12 ಸಲ, ಅಂದರೆ 3,600. ಈ ನೋಟ್‌ಬುಕ್ ದಾರಿ 500ರಂತೆ 6 ಸಲ, 3,000. ಆದರೆ ಒಬ್ಬರಿಗೇ 45 ನಿಮಿಷ ಹೋಗುತ್ತದೆ, ಅಷ್ಟರಲ್ಲಿ ಮಷೀನ್‌ನಲ್ಲಿ ಮೂವರು ಮುಗಿಯುತ್ತಾರೆ. ಮೊದಲ ಆರು ತಿಂಗಳು ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಖೋತಾ. ಶುರು ಮಾಡುವವರು ಬೆಳಿಗ್ಗೆ ಎರಡು ಸ್ಲಾಟ್ ಮಾತ್ರ ಇದಕ್ಕೆ ಇಡಿ, ಮಿಕ್ಕ ಹೊತ್ತು ಮಷೀನ್ ನಡೆಯಲಿ.